ನಿದ್ದೆಗೆಟ್ಟ ಗಾಡಿ

ಜನವರಿ 19

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಅಮ್ಮ ನಿಮ್ಮ ಕಿವಿಯ ಹತ್ತಿರ ಕೂಗಿ ಹೇಳಿರುತ್ತಾಳೆ, ಗೊತ್ತು. ಆದರೆ ಅವಳ ಬಾಯಿಂದ ನಿಮ್ಮ ಕಿವಿಗೆ ಹೋಗುವಷ್ಟರಲ್ಲಿ ಅರ್ಧ ಸುದ್ದಿ ಸೋರಿಹೋಗುತ್ತದೆ, ಉಳಿದರ್ಧಕ್ಕೆ ಉಪ್ಪುಖಾರ ಸೇರುತ್ತದೆ. ಮೂವತ್ತು ವರ್ಷ ಹಿಟ್ಟಿನ ಗಿರಣಿಗಳ ಸದ್ದಿನಲ್ಲಿ, ಲಾರಿ ತೂಗುವ ಕಟ್ಟೆಗಳ ಸದ್ದಿನಲ್ಲಿ ನಿಂತು ಜನರ ತಕ್ಕಡಿ ಪರೀಕ್ಷೆ ಮಾಡಿದಿರಿ, ನಿಮ್ಮ ಕಿವಿ ಫೋನಿಗೆ ರಾಜೀನಾಮೆ ಕೊಟ್ಟಿತು. ನನಗೇನೋ ಲಾಭವೇ ಆಯಿತು. ಕಾಗದ ಬರೆಯುವ ಸುಖ ಸಿಕ್ಕಿತು.

ನನಗೆ ಇಲ್ಲಿ ಎಲ್ಲವೂ ಇಷ್ಟ ಅಪ್ಪ. ಮೂರನೆಯ ಮಹಡಿ ಇಷ್ಟ, ಲಿಫ್ಟಿನೊಳಗಿನ ಒಡಕು ಕನ್ನಡಿ ಇಷ್ಟ, ಎದುರುಮನೆಯ ಅಜ್ಜಿ ದಿನಾ ಹೊಸದಾಗಿ ಪರಿಚಯ ಮಾಡಿಕೊಳ್ಳುವುದು ಇಷ್ಟ. ನಿಮ್ಮ ಅಳಿಯ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಿಂದ ಕೆಲಸವನ್ನು ಮನೆಗೂ ತರುತ್ತಾರೆ. ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಯಾರದೋ ಮೂವತ್ತೆರಡು ಹಲ್ಲು ಸಾಲಾಗಿ ಕುಳಿತು ನನ್ನನ್ನು ನೋಡಿ ನಗುತ್ತಿರುತ್ತವೆ. ಮೊದಲ ದಿನ ಕಿರುಚಿದ್ದೆ. ಈಗ ನಾನೂ ತಿರುಗಿ ನಗುತ್ತೇನೆ.

ಇನ್ನು ಗಾಡಿಯ ವಿಷಯ. ಮದುವೆಗೆ ನೀವು ಕೊಟ್ಟ ಎಲೆಕ್ಟ್ರಿಕ್ ಕಾರು ಮೊನ್ನೆ ಶುಕ್ರವಾರ ಸತ್ತುಹೋಗಿತ್ತು. ಹಿಂದಿನ ಸಂಜೆ ನೆಲಮಾಳಿಗೆಯಲ್ಲಿ ನಿಲ್ಲಿಸಿದಾಗ ಎಂಬತ್ತೆರಡು ಪರ್ಸೆಂಟ್ ಚಾರ್ಜ್ ಇತ್ತು. ಬೆಳಿಗ್ಗೆ ಬಾಗಿಲೇ ತೆರೆಯಲಿಲ್ಲ. ದೀಪವಿಲ್ಲ, ಸದ್ದಿಲ್ಲ, ಪರದೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಹೊಟ್ಟೆತುಂಬ ಉಂಡು ಮಲಗಿದವನು ಕಣ್ಣೇ ಬಿಡದಿದ್ದರೆ ಹೇಗೋ ಹಾಗೆ. ಇವರು ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ, "ನಾಡಿ ಸಿಗ್ತಿಲ್ಲ, ಮನೆಯವರಿಗೆ ತಿಳಿಸಿಬಿಡಿ" ಎಂದರು. ನಗು ಬಂತು. ನಗು ಮುಗಿದ ಮೇಲೆ ಹೆದರಿಕೆ ಬಂತು.

ಯಾಕೆಂದರೆ ನನ್ನ ಕೆಲಸವೆಲ್ಲ ಆ ನಾಲ್ಕು ಚಕ್ರಗಳ ಮೇಲಿದೆ. ದಿನಕ್ಕೆ ಐದು ಮನೆಗೆ ಹೋಗಿ ಕೈಕಾಲು ಸೋತವರಿಗೆ ವ್ಯಾಯಾಮ ಮಾಡಿಸಬೇಕು. ಬಸ್ಸಿನಲ್ಲಾದರೆ ಎರಡು ಮನೆ ಮುಟ್ಟಬಹುದು. ಕ್ಲಿನಿಕ್ಕಿನಲ್ಲಿ ಆರು ತಿಂಗಳು ಪರೀಕ್ಷೆಯ ಅವಧಿ. ಅಷ್ಟರೊಳಗೆ ಮೂರು ಭೇಟಿ ತಪ್ಪಿದರೆ ಕೆಲಸ ಖಾಯಂ ಆಗುವುದಿಲ್ಲ ಎಂದು ಮೇಡಂ ಮೊದಲ ದಿನವೇ ಹೇಳಿದ್ದಾರೆ. ಶುಕ್ರವಾರ ಒಂದು ತಪ್ಪಿತು. ಕಂಪನಿಯವರು ಬರಲು ನಾಲ್ಕು ಗಂಟೆಯಾಯಿತು. ಬಂದವನು ಅದೇನೋ ವಯರು ಮುಟ್ಟಿಸಿದ, ಗಾಡಿ ಏನೂ ಆಗಿಲ್ಲವೆಂಬಂತೆ ಎದ್ದು ಕುಳಿತಿತು.

ಸದ್ಯ, ಅದು ಬುಧವಾರ ಆಗಿರಲಿಲ್ಲ. ಬುಧವಾರ ಮೂರು ಗಂಟೆಗೆ ನನ್ನ ತುತ್ತೂರಿ ಮೇಷ್ಟ್ರು. ಶಾಲೆಯಲ್ಲಿ ಬ್ಯಾಂಡ್ ಕಲಿಸುತ್ತಿದ್ದವರು, ಪಾರ್ಶ್ವವಾಯುವಾಗಿ ಬಲಗೈ ಬಿದ್ದಿದೆ. ಚಮಚ ಹಿಡಿಯಲಾರರು. ಆದರೆ ತುತ್ತೂರಿ ಕೈಗೆ ಕೊಟ್ಟರೆ ಮೂರು ಬೆರಳು ತಾವಾಗಿ ಗುಂಡಿ ಒತ್ತುತ್ತವೆ. ಯಾಕಿರಬಹುದು? ಯೋಚಿಸಿ ಬರೆಯಿರಿ.

ನಿಮ್ಮ
ಚಟಾಕು
(ಹುಟ್ಟಿದಾಗ ಚಟಾಕಿನಷ್ಟಿದ್ದೆ ಎಂದು ಹೆಸರಿಟ್ಟವರು ನೀವು. ಈಗ ಅರವತ್ತೊಂದು ಕೆ.ಜಿ.)


ಜನವರಿ 27

ಚಟಾಕು,

ಕಾಗದ ಬಂತು. ಮೇಷ್ಟ್ರ ಬೆರಳಿನ ವಿಷಯ ನನಗೆ ತಿಳಿಯದು. ತಿಳಿಯದ್ದಕ್ಕೆ ಊಹೆ ಹೇಳುವುದಿಲ್ಲ.

ಗಾಡಿಯ ವಿಷಯ. ಒಂದು ಸಲ ಕೆಟ್ಟರೆ ಅದು ಘಟನೆ. ಮೂರು ಸಲ ಕೆಟ್ಟರೆ ದೋಷ. ಅಲ್ಲಿಯವರೆಗೆ ಯಾರನ್ನೂ ಬೈಯಬೇಡ. ಒಂದು ನೋಟ್‌ಬುಕ್ ತೆಗೆದುಕೊಂಡು ಎಲ್ಲಿ ನಿಲ್ಲಿಸಿದೆ, ಎಷ್ಟು ಗಂಟೆಗೆ, ಚಾರ್ಜ್ ಎಷ್ಟಿತ್ತು, ಮತ್ತೆ ತೆಗೆದಾಗ ಎಷ್ಟಿತ್ತು, ಇಷ್ಟನ್ನೂ ಅದೇ ಕ್ಷಣ ಬರೆ. ಸಂಜೆ ನೆನಪಿಸಿಕೊಂಡು ಬರೆದ ಅಂಕಿ ಅಂಕಿಯಲ್ಲ. ವಾರಕ್ಕೊಮ್ಮೆ ನಕಲು ನನಗೆ ಕಳಿಸು.

ನನ್ನ ಸರ್ವೀಸಿನಲ್ಲಿ ಕಂಡಿದ್ದು ಹೇಳುತ್ತೇನೆ. ತಕ್ಕಡಿ ತಪ್ಪು ತೋರಿಸಿದರೆ ನೂರರಲ್ಲಿ ಎಂಬತ್ತು ಸಲ ತಪ್ಪು ತಕ್ಕಡಿಯದಲ್ಲ, ಅದರ ಸುತ್ತ ಇರುವವರದು. ಫ್ಯಾನಿನ ಗಾಳಿ, ಸವೆದ ಮೇಜು, ಅಂಗಡಿಯವನ ಹೆಬ್ಬೆರಳು.

ಅಮ್ಮನಿಗೆ ಮಂಡಿನೋವು. ನನಗೆ ಏನೂ ಇಲ್ಲ.

ಇಂತಿ,
ಅಪ್ಪ


ಫೆಬ್ರುವರಿ 13

ಪ್ರೀತಿಯ ಅಪ್ಪನಿಗೆ,

ನೋಟ್‌ಬುಕ್ಕಿನ ನಕಲು ಜೊತೆಗಿದೆ. ಇವರು ಅದಕ್ಕೆ 'ಗಾಡಿಯ ಜಾತಕ' ಎಂದು ಹೆಸರಿಟ್ಟು ಮೇಲೆ ಒಂದು ಹಲ್ಲಿನ ಚಿತ್ರ ಬರೆದಿದ್ದಾರೆ, ಕೋಪ ಮಾಡಿಕೊಳ್ಳಬೇಡಿ.

ಗಾಡಿ ಎರಡನೆಯ ಸಲ ಸತ್ತಿತು. ಮೊನ್ನೆ, ಬುಧವಾರ. ಎಪ್ಪತ್ತಾರು ಪರ್ಸೆಂಟ್ ಇಟ್ಟುಕೊಂಡೇ ಸತ್ತಿತು. ಈ ಸಲ ಅದನ್ನು ಲಾರಿಯ ಬೆನ್ನ ಮೇಲೆ ಏರಿಸಿ ಸರ್ವೀಸ್ ಸೆಂಟರಿಗೆ ಒಯ್ದರು. ಡ್ರೈವರ್ ಪಕ್ಕ ಕುಳಿತು ನಾನೂ ಹೋದೆ. ಮೊದಲು ಕೌಂಟರಿನಲ್ಲಿದ್ದವನು ಗಾಡಿಯನ್ನು ನೋಡದೆಯೇ, ಚಾರ್ಜ್ ಮಾಡೋದು ಮರೆತಿರ್ತೀರಿ ಎಂದ. ಎಪ್ಪತ್ತಾರು ಎಂದೆ. ಹಾಗಾದರೆ ಕೀ ಬ್ಯಾಟರಿ ಹೋಗಿರುತ್ತೆ ಎಂದ. ಹೊಸದು ಎಂದೆ. ಹಾಗಾದರೆ ಸಾಫ್ಟ್‌ವೇರ್ ಎಂದ. ಡಾಕ್ಟರಿಗೆ ಕಾಯಿಲೆ ಗೊತ್ತಾಗದಿದ್ದರೆ 'ಟೆನ್ಷನ್ನು' ಎನ್ನುತ್ತಾರಲ್ಲ, ಇವರಿಗೆ ಸಾಫ್ಟ್‌ವೇರ್.

ಆಮೇಲೆ ಒಳಗಿನಿಂದ ಒಬ್ಬರು ಬಂದರು. ನಲವತ್ತರ ಹೆಂಗಸು, ಹಣೆಗೆ ಟಾರ್ಚ್ ಕಟ್ಟಿಕೊಂಡು ಓಡಾಡುತ್ತಾರೆ, ಅದಕ್ಕೇ ನಾನು ಟಾರ್ಚ್ ಅಕ್ಕ ಎಂದು ಹೆಸರಿಟ್ಟಿದ್ದೇನೆ. ಅವರು ಹೇಳಿಕೊಟ್ಟಿದ್ದು ಕೇಳಿ, ನಿಮಗೆ ಖುಷಿಯಾಗುತ್ತದೆ. ಈ ಗಾಡಿಯಲ್ಲಿ ಎರಡು ಬ್ಯಾಟರಿ. ನೆಲದ ಅಡಿಯಲ್ಲಿ ಹಾಸಿಗೆಯಷ್ಟು ದೊಡ್ಡದೊಂದು, ಅದು ಗಾಡಿ ಓಡಿಸುತ್ತದೆ. ಬಾನೆಟ್ಟಿನಡಿ ಟಿಫನ್ ಡಬ್ಬಿಯಷ್ಟು ಚಿಕ್ಕದೊಂದು, ಅದು ಬಾಗಿಲು, ದೀಪ, ಪರದೆ ನೋಡಿಕೊಳ್ಳುತ್ತದೆ. ದೊಡ್ಡದನ್ನು ಎಬ್ಬಿಸಬೇಕಾದರೆ ಚಿಕ್ಕದೇ ಎಬ್ಬಿಸಬೇಕು. ಚಿಕ್ಕದು ಸತ್ತರೆ ದೊಡ್ಡದರ ಹೊಟ್ಟೆಯಲ್ಲಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಖಜಾನೆ ತುಂಬಿದೆ, ಬೀಗದಕೈ ಇಟ್ಟುಕೊಂಡ ಗುಮಾಸ್ತ ಮೂರ್ಛೆ ಹೋಗಿದ್ದಾನೆ. ನಾವು ನೋಡುವ ಪರ್ಸೆಂಟು ಖಜಾನೆಯದು, ಗುಮಾಸ್ತನದಲ್ಲ.

ಚಿಕ್ಕ ಬ್ಯಾಟರಿ ಬದಲಾಯಿಸಿದ್ದಾರೆ. ಆದರೆ ಹೊಸದೂ ಸಾಯಬಹುದಂತೆ. "ಏನೋ ಒಂದು ಇದನ್ನ ನಿದ್ದೆ ಮಾಡೋಕೆ ಬಿಡ್ತಿಲ್ಲ. ಏನು ಅಂತ ಇನ್ನೊಂದ್ಸಲ ಸತ್ತರೆ ಗೊತ್ತಾಗುತ್ತೆ" ಎಂದರು ಟಾರ್ಚ್ ಅಕ್ಕ. ನಿಲ್ಲಿಸಿದ ಗಾಡಿ ನಿದ್ದೆ ಮಾಡುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಈಗ ನೆಲಮಾಳಿಗೆಗೆ ಹೋದಾಗ ಮೆಲ್ಲಗೆ ಹೆಜ್ಜೆಯಿಡುತ್ತೇನೆ.

ಮೇಷ್ಟ್ರ ಭೇಟಿ ತಪ್ಪಿತು. ಅಲ್ಲಿಗೆ ಎರಡಾಯಿತು. ಇನ್ನೊಂದು ಮಾತ್ರ ಬಾಕಿ ಎಂದು ಮೇಡಂ ಬೆರಳೆತ್ತಿ ತೋರಿಸಿದರು. ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದೆ, ಮೇಷ್ಟ್ರು ಬೆಳಿಗ್ಗೆಯಿಂದ ಗಡ್ಡ ಬೋಳಿಸಿಕೊಂಡು ಕಾಯುತ್ತಿದ್ದರಂತೆ.

ನಿಮ್ಮ
ಚಟಾಕು


ಮಾರ್ಚ್ 1

ಚಟಾಕು,

ನಿನ್ನ ನೋಟ್‌ಬುಕ್ ಚೆನ್ನಾಗಿದೆ. ಹಲ್ಲಿನ ಚಿತ್ರವೂ ಅಚ್ಚುಕಟ್ಟಾಗಿದೆ ಎಂದು ಅವನಿಗೆ ಹೇಳು. ಅಂಕಿಗಳನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಏರಿಸಿದ್ದೇನೆ. ಚಳಿಗೂ ಗಾಡಿಯ ಸಾವಿಗೂ ಸಂಬಂಧವಿಲ್ಲ. ನೆಲಮಾಳಿಗೆಗೂ ಸಂಬಂಧವಿಲ್ಲ. ನೀನು ಎಷ್ಟು ದೂರ ಓಡಿಸಿದೆ ಎಂಬುದಕ್ಕೂ ಇಲ್ಲ. ಕಾರಣ ನಿನ್ನ ನೋಟ್‌ಬುಕ್ಕಿನ ಹೊರಗಿದೆ. ಇದು ವಿಚಿತ್ರ. ಎರಡು ದಿನದಿಂದ ಬೇರೆ ಯೋಚನೆಯಿಲ್ಲ.

ಕೆರೆಯ ದಡದಂಥ ತೇವದ ಜಾಗದಲ್ಲಿ ಗಾಡಿಯನ್ನು ತುಂಬ ಹೊತ್ತು ನಿಲ್ಲಿಸುವುದು ಒಳ್ಳೆಯದಲ್ಲ.

ಊಟ ಸರಿಯಾಗಿ ಮಾಡು.

ಇಂತಿ,
ಅಪ್ಪ


ಮಾರ್ಚ್ 21

ಅಪ್ಪ,

ಈ ಕಾಗದವನ್ನು ಅಮ್ಮನಿಗೆ ತೋರಿಸಬೇಡಿ.

ಮಂಗಳವಾರ ಮೂರನೆಯ ಸಲ ಗಾಡಿ ಸತ್ತಿತು. ಆದರೆ ಭೇಟಿ ತಪ್ಪಲಿಲ್ಲ. ಇವರು ಲ್ಯಾಬಿನಲ್ಲಿ ಯಾರದೋ ದವಡೆಯ ಅಚ್ಚನ್ನು ಅರ್ಧಕ್ಕೆ ಬಿಟ್ಟು ಬೈಕು ತಂದರು. ಐದೂ ಮನೆಗೆ ಕರೆದುಕೊಂಡು ಹೋದರು. ಪ್ರತಿ ಮನೆಯ ಹೊರಗೆ ಮುಕ್ಕಾಲು ಗಂಟೆ ಕಾದರು. ನಾಲ್ಕನೆಯ ಮನೆಯಿಂದ ಹೊರಗೆ ಬಂದಾಗ ಬೈಕಿನ ಮೇಲೇ ತೂಕಡಿಸುತ್ತಿದ್ದರು, ತುಟಿಯ ಮೇಲೆ ಅಚ್ಚಿನ ಬಿಳಿ ಪುಡಿ ಹಾಗೇ ಇತ್ತು. ಇಂಥವರು ನನಗೆ ಸಿಕ್ಕರಲ್ಲ ಎಂದು ನನ್ನ ಎದೆ ತುಂಬಿಬಂದಿತ್ತು. ಇದನ್ನು ಯಾಕೆ ಇಷ್ಟು ಉದ್ದಕ್ಕೆ ಬರೆದೆ ಎಂದರೆ, ಅದೇ ಸಂಜೆ ನಾನು ಅವರಿಗೆ ಏನು ಅಂದೆ ಎಂಬುದು ನಿಮಗೆ ಸರಿಯಾಗಿ ಅರ್ಥವಾಗಲಿ ಎಂದು.

ಐದು ಮನೆ ಮುಗಿಸಿ ಸರ್ವೀಸ್ ಸೆಂಟರಿಗೆ ಹೋದೆ. ಟಾರ್ಚ್ ಅಕ್ಕ ಉದ್ದನೆಯ ಒಂದು ಪಟ್ಟಿ ತೆಗೆದು ತೋರಿಸಿದರು. ಮೊಬೈಲ್ ಆಪ್ ಇದೆಯಲ್ಲ, ಗಾಡಿ ಎಲ್ಲಿದೆ, ಚಾರ್ಜ್ ಎಷ್ಟಿದೆ, ಬೀಗ ಹಾಕಿದೆಯೋ ಇಲ್ಲವೋ ತೋರಿಸುತ್ತದಲ್ಲ, ಅದನ್ನು ತೆರೆದಾಗಲೆಲ್ಲ ಮಲಗಿದ ಗಾಡಿ ಎದ್ದು ಉತ್ತರ ಕೊಡಬೇಕಂತೆ. ಎದ್ದಾಗಲೆಲ್ಲ ಚಿಕ್ಕ ಬ್ಯಾಟರಿಯ ಒಂದು ಗುಟುಕು ಖರ್ಚು. ನನ್ನ ಫೋನಿನಿಂದ ದಿನಕ್ಕೆ ನಾಲ್ಕೋ ಐದೋ ಸಲ ಎಬ್ಬಿಸಿದೆ. ಇನ್ನೊಂದು ಫೋನಿನಿಂದ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಸಲ. ಪಟ್ಟಿಯಲ್ಲಿ ಹೆಸರಿಲ್ಲ, ಫೋನ್ ಒಂದು, ಫೋನ್ ಎರಡು ಎಂದಷ್ಟೇ ಇದೆ. ಅಕ್ಕ ಪಟ್ಟಿ ಮಡಚುತ್ತ ಮೆಲ್ಲಗೆ ಕೇಳಿದರು: "ಯಾರೋ ನಿಮ್ಮ ಮೇಲೆ ಕಣ್ಣಿಟ್ಟಿದ್ದಾರೆ. ಮನೇಲಿ ಎಲ್ಲ ಸರಿ ಇದೆಯೇನಮ್ಮಾ?"

ನನ್ನ ಫೋನಿಗೆ ಆಪ್ ಹಾಕಿಕೊಟ್ಟವರು ಇವರೇ. ಮದುವೆಯಾದ ವಾರವೇ. ಮನಸ್ಸು ಅಲ್ಲಿಗೇ ಓಡಿತು. ಮನೆಗೆ ಬಂದು ಬಾಗಿಲು ಹಾಕಿ ಕೇಳಿಬಿಟ್ಟೆ.

"ನಾನೆಲ್ಲಿ ಹೋಗ್ತೀನಿ, ಎಲ್ಲಿ ನಿಲ್ತೀನಿ ಅಂತ ನೋಡ್ತಾ ಕೂರ್ತೀರಾ?"

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಮ್ಮ ಫೋನನ್ನು ಮೇಜಿನ ಮೇಲೆ ನನ್ನ ಮುಂದೆ ಇಟ್ಟರು. ಆಪ್ ಇರಲಿಲ್ಲ. ನಾನು ಬುದ್ಧಿಯಿಲ್ಲದವಳು ನೋಡಿ, "ಅಳಿಸಿಹಾಕಿರಬಹುದಲ್ಲ" ಎಂದೆ. ಆಗ ಅವರು ಹೋಗಿ ಕೈ ತೊಳೆದುಕೊಂಡರು. ಬೆಳಿಗ್ಗೆಯಿಂದ ತೊಳೆದಿರಲಿಲ್ಲ. ನಾಲ್ಕು ದಿನದಿಂದ ಬೇಕಾದಷ್ಟೇ ಮಾತು. ಅಡುಗೆಮನೆಯ ಕಟ್ಟೆಯ ಮೇಲೆ ಹಲ್ಲುಗಳಿಲ್ಲ, ಎಲ್ಲವನ್ನೂ ಲ್ಯಾಬಿಗೆ ಒಯ್ದುಬಿಟ್ಟಿದ್ದಾರೆ.

ಇನ್ನೊಂದು ಸುದ್ದಿ. ಒಂದೇ ತೊಂದರೆ ಮೂರು ಸಲ ಬಂದರೆ ಕಂಪನಿ ಗಾಡಿಯನ್ನು ವಾಪಸ್ಸು ತೆಗೆದುಕೊಳ್ಳುತ್ತದಂತೆ. ಏಪ್ರಿಲ್ ಹದಿನೇಳರೊಳಗೆ ಮಾಲೀಕರ ಸಹಿ ಬೇಕು. ಕಾಗದದಲ್ಲಿ ಮಾಲೀಕರು ನೀವೇ. ಫಾರಂ ಇದರ ಜೊತೆಗಿದೆ. ಗಾಡಿ ಹೋದರೆ ಹೊಸದು ಬರುವಷ್ಟರಲ್ಲಿ ಕೆಲಸವೂ ಹೋಗುತ್ತದೆ. ಇಟ್ಟುಕೊಂಡರೆ ಇನ್ನೊಂದು ಸಲ ಸಾಯುತ್ತದೆ, ಆಗಲೂ ಕೆಲಸ ಹೋಗುತ್ತದೆ. ಆ ಇನ್ನೊಂದು ಫೋನು ಯಾರದು ಎಂದು ತಿಳಿಯದೆ ನನಗೆ ಏನೂ ನಿರ್ಧರಿಸಲು ಆಗುತ್ತಿಲ್ಲ.

ಇಷ್ಟು ವರ್ಷ ಕಳ್ಳತೂಕ ಹಿಡಿದವರು ನೀವು. ಎಲ್ಲಿಂದ ಹುಡುಕಲು ಶುರುಮಾಡಬೇಕು ಹೇಳಿ.

ನಿಮ್ಮ
ಚಟಾಕು


ಮಾರ್ಚ್ 28

ಮಗಳೇ,

ಹುಡುಕಬೇಡ. ಆ ಫೋನು ನನ್ನದು.

ಗಾಡಿ ಕೊಳ್ಳುವ ದಿನ ನೀನು ಮದುವೆಯ ಬಟ್ಟೆಗೆ ಅಳತೆ ಕೊಡಲು ಹೋಗಿದ್ದೆ. ಬಿಲ್ಲು ನನ್ನ ಹೆಸರಿನಲ್ಲಿ ಇದ್ದುದರಿಂದ ಶೋರೂಮಿನವನು ಆಪ್ ಅನ್ನು ನನ್ನ ಫೋನಿನಲ್ಲೇ ತೆರೆದುಕೊಟ್ಟ. ಆಮೇಲೆ ನಿನ್ನ ಫೋನಿಗೂ ಸೇರಿಸಿಕೊಂಡಿರಿ. ನನ್ನದನ್ನು ತೆಗೆಸಬೇಕು ಎಂದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಹೊಳೆದಿತ್ತು.

ನೀನು ಹೋದ ಮೇಲೆ ಮೊದಲ ವಾರ ದಿನಕ್ಕೆರಡು ಸಲ ನೋಡುತ್ತಿದ್ದೆ. ಜನವರಿಯ ಹೊತ್ತಿಗೆ ಅದು ಗಂಟೆಗೆ ಎರಡು ಮೂರು ಸಲವಾಗಿತ್ತು. ಸಂಜೆ ಏಳಕ್ಕೆ ಗಾಡಿ ಮನೆ ಸೇರಿದೆ, ಬೀಗ ಬಿದ್ದಿದೆ ಎಂದು ಕಂಡ ಮೇಲೆ ಊಟಕ್ಕೆ ಕೂರುತ್ತಿದ್ದೆ. ಫೋನಿನಲ್ಲಿ ನಿನ್ನ ದನಿ ನನಗೆ ಕೇಳುವುದಿಲ್ಲ. ನಕ್ಷೆಯ ಮೇಲೆ ನಿನ್ನ ಗಾಡಿಯ ಈ ಚುಕ್ಕೆ ಕಾಣುತ್ತಿತ್ತು. ಗಾಡಿ ಕೆಟ್ಟ ಮೇಲೆ ಇನ್ನೂ ಹೆಚ್ಚು ನೋಡತೊಡಗಿದೆ. ನಿನ್ನ ಅಂಕಿಗಳನ್ನು ತಾಳೆ ನೋಡಲು ಎಂದುಕೊಂಡೆ. ಆಮೇಲೆ ತೂಕದ ಕಲ್ಲುಗಳ ಪೆಟ್ಟಿಗೆಗೆ ಫೋನು ಒರಗಿಸಿ, ಚಾರ್ಜಿಗೆ ಹಾಕಿ, ಆಪ್ ತೆರೆದೇ ಇಟ್ಟೆ. ಗಡಿಯಾರ ಇಟ್ಟುಕೊಂಡ ಹಾಗೆ. ತೆರೆದಿಟ್ಟರೆ ಅದು ಐದು ನಿಮಿಷಕ್ಕೊಮ್ಮೆ ತಾನಾಗಿ ಗಾಡಿಯನ್ನು ಕೇಳುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಗಾಡಿ ಕೆಟ್ಟಷ್ಟೂ ನಾನು ನೋಡಿದೆ. ನಾನು ನೋಡಿದಷ್ಟೂ ಅದು ಕೆಟ್ಟಿತು.

ತಕ್ಕಡಿಯ ಮೇಲೆ ಹೆಬ್ಬೆರಳಿಟ್ಟವರಿಗೆ ದಂಡ ಹಾಕುವುದೇ ನನ್ನ ಉದ್ಯೋಗವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿದೆ.

ಇನ್ನೊಂದು. ಫೆಬ್ರುವರಿ 25ರಿಂದ ಪ್ರತಿ ಬುಧವಾರ ಮೂರರಿಂದ ನಾಲ್ಕರವರೆಗೆ ಗಾಡಿ ಕೆರೆಯ ಪಕ್ಕ ನಿಲ್ಲುತ್ತದೆ. ನಿನ್ನ ನೋಟ್‌ಬುಕ್ಕಿನಲ್ಲಿ ಅದಿಲ್ಲ. ತೇವದ ಮಾತು ಬರೆದೆನಲ್ಲ, ತೇವಕ್ಕೂ ಗಾಡಿಗೂ ಏನೂ ಸಂಬಂಧವಿಲ್ಲ. ನಾನು ಕೇಳಬೇಕಾಗಿದ್ದುದು ಬೇರೆ. ಆದರೆ ನನಗೆ ಗೊತ್ತಿರಬಾರದ ವಿಷಯವದು, ಕೇಳುವುದಾದರೂ ಹೇಗೆ? ಒಂದು ತಿಂಗಳು ಅದೇ ಯೋಚನೆ ತಿಂದಿತು.

ಅಳಿಯನಿಗೆ ಈ ಕಾಗದ ತೋರಿಸು. ಪೂರ್ತಿ ತೋರಿಸು. ಫಾರಮಿಗೆ ಸಹಿ ಹಾಕಿದ್ದೇನೆ. ಗಾಡಿ ಇರಬೇಕೋ ಹೋಗಬೇಕೋ ನೀನೇ ತೀರ್ಮಾನಿಸು. ಫೋನನ್ನು ಆರಿಸಿ ಬೀರುವಿನಲ್ಲಿ ಇಟ್ಟಿದ್ದೇನೆ.

ಅಪ್ಪ


ಏಪ್ರಿಲ್ 4

ಅಪ್ಪ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಇನ್ನೂ ಪೂರ್ತಿ ಹೋಗಿಲ್ಲ, ಇಲ್ಲ ಎಂದರೆ ಸುಳ್ಳಾಗುತ್ತದೆ, ನಿಮ್ಮ ಮಗಳಲ್ಲವೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ನಾನು ಇವರಿಗೆ ಬರೆ ಎಳೆದದ್ದು ನಿಮ್ಮ ದೆಸೆಯಿಂದ. ಆದರೆ ಬರೆ ಎಳೆದ ಕೈ ನನ್ನದೇ.

ಕಾಗದವನ್ನು ಇವರ ಮುಂದಿಟ್ಟೆ. ಎರಡು ಸಲ ಓದಿದರು. ನಾನು ತಪ್ಪಾಯ್ತು ಎಂದೆ. ಅವರು ಕಾಗದ ಮಡಚಿ ಹೇಳಿದರು: "ಕಣ್ಣಿಟ್ಟಿದ್ದು ನಾನು ಅಂದ್ಕೊಂಡಾಗ ಎರಡು ವಾರ ಮಾತಿಲ್ಲ. ಈಗ ನಿಮ್ಮಪ್ಪ ಅಂತ ಗೊತ್ತಾಯ್ತಲ್ಲ, ಅವರಿಗೆ ಎಷ್ಟು ದಿನ?"

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಒಂದು ಮೇಲಿನ ದವಡೆ ಬಂದು ಕುಳಿತಿತ್ತು. ಕೆಳಗಿನದು ಇನ್ನೂ ಲ್ಯಾಬಿನಲ್ಲೇ ಇದೆ. ಅರ್ಧ ರಾಜಿ.

ಬುಧವಾರದ ವಿಷಯ. ಮೇಷ್ಟ್ರು ತೀರಿಕೊಂಡರು, ಅಪ್ಪ. ಫೆಬ್ರುವರಿ ಇಪ್ಪತ್ತಮೂರಕ್ಕೆ, ಆಸ್ಪತ್ರೆಯಲ್ಲಿ, ಎರಡನೆಯ ಸಲ ಪಾರ್ಶ್ವವಾಯುವಾಗಿ. ನನ್ನ ಕೈಯಲ್ಲಿದ್ದವರಲ್ಲಿ ಹಾಗೆ ಹೋದ ಮೊದಲನೆಯವರು. ಒಂದು ಭೇಟಿ ತಪ್ಪಿದ್ದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನನಗೂ ಗೊತ್ತು, ಓದಿದ್ದೇನೆ. ಆದರೂ ಗಡ್ಡ ಬೋಳಿಸಿಕೊಂಡು ಕಾಯುತ್ತಿದ್ದರು ಎಂಬುದು ತಲೆಯಿಂದ ಹೋಗುವುದಿಲ್ಲ. ಆ ಒಂದು ಗಂಟೆಗೆ ಬೇರೆ ಯಾರನ್ನೂ ಹಾಕಬೇಡಿ ಎಂದು ಮೇಡಂಗೆ ಕೇಳಿಕೊಂಡೆ. ಮೊದಲ ಬುಧವಾರ ಕೆರೆಯ ಪಕ್ಕ ಗಾಡಿ ನಿಲ್ಲಿಸಿ ಅತ್ತೆ. ಎರಡನೆಯ ಬುಧವಾರ ಅಳಬೇಕೆಂದೇ ಹೋದೆ, ಅಳು ಬರಲಿಲ್ಲ, ನಿದ್ದೆ ಬಂತು. ಮೂರನೆಯ ಸಲ ಕಡಲೆಕಾಯಿ ತೆಗೆದುಕೊಂಡು ಹೋಗಿದ್ದೆ.

ಯಾರಿಗೂ ಹೇಳಿರಲಿಲ್ಲ, ಇವರಿಗೂ. ನಗುನಗುತ್ತಾ ಇರುವವಳು ಎಂದು ಎಲ್ಲರಿಗೂ ಅಭ್ಯಾಸವಾಗಿದೆ, ನನಗೂ. ನೀವು ಕೇಳಿದ್ದರೆ ಏನೂ ಇಲ್ಲ ಎನ್ನುತ್ತಿದ್ದೆನೇನೋ. ಆದರೂ ಕೇಳಬೇಕಿತ್ತು.

ಗಾಡಿ ನನಗೆ ಬೇಕು. ಫಾರಂ ಹರಿದೆ. ನೀವು ಫೋನು ಬೀರುವಿಗಿಟ್ಟ ದಿನದಿಂದ ಚಿಕ್ಕ ಬ್ಯಾಟರಿ ಗುಂಡುಕಲ್ಲಿನಂತಿದೆ. ಆದರೆ ಬೀರುವಿನಲ್ಲಿ ಇಟ್ಟರೆ ಸಾಲದು, ಒಂದಲ್ಲ ಒಂದು ದಿನ ಕೈ ಅಲ್ಲಿಗೆ ಹೋಗುತ್ತದೆ. ನಿಮ್ಮ ಖಾತೆಯನ್ನು ತೆಗೆಸಬೇಕು. ಅದಕ್ಕೆ ಮೊದಲ ಮಾಲೀಕ, ಅವರ ಫೋನು, ಗಾಡಿ, ಈ ಮೂರೂ ಒಂದೇ ಹೊತ್ತಿಗೆ ಸರ್ವೀಸ್ ಸೆಂಟರಿನಲ್ಲಿ ಇರಬೇಕಂತೆ. ಬೇರೆ ದಾರಿ ಇಲ್ಲವೇ ಎಂದು ನಾಲ್ಕು ಕೌಂಟರಿನಲ್ಲಿ ಕೇಳಿದೆ. ಇಲ್ಲ.

ಮದುವೆಯಾಗಿ ನಾಲ್ಕು ತಿಂಗಳಾಯಿತು, ನೀವು ನಮ್ಮ ಮನೆಗೆ ಬಂದಿಲ್ಲ. ಬನ್ನಿ. ಅಮ್ಮನ ಮಂಡಿಗೆ ನಾನು ವ್ಯಾಯಾಮ ಹೇಳಿಕೊಡುತ್ತೇನೆ.

ಚಟಾಕು


ಜುಲೈ 2

ಪ್ರೀತಿಯ ಅಪ್ಪನಿಗೆ,

ಕೆಲಸ ಖಾಯಂ ಆಯಿತು. ಅಮ್ಮ ಆಗಲೇ ಕೂಗಿ ಹೇಳಿರುತ್ತಾಳೆ, ಆದರೂ ನನ್ನ ಕೈಯಿಂದ ಬರೆಯಬೇಕು ಎನಿಸಿತು. ಮೇಡಂ ಆದೇಶದ ಕಾಗದ ಕೊಟ್ಟು, ಇನ್ನು ಮೇಲೆ ತಪ್ಪಿದರೂ ಪರವಾಗಿಲ್ಲ, ಆದರೆ ತಪ್ಪಬೇಡ ಎಂದರು. ನೀವು ಬಂದುಹೋದ ಮೇಲೆ ಗಾಡಿ ಒಂದು ದಿನವೂ ಸತ್ತಿಲ್ಲ. ಎಡಬದಿಯ ಕಿಟಕಿಯ ಗಾಜು ಮಾತ್ರ ಈಗೀಗ ತನಗೆ ಮನಸ್ಸು ಬಂದಾಗ ಏರುತ್ತದೆ. ಟಾರ್ಚ್ ಅಕ್ಕ ಎರಡು ಸಲ ಬಿಚ್ಚಿ ನೋಡಿದರು, ಕೌಂಟರಿನವನು ಸಾಫ್ಟ್‌ವೇರ್ ಎಂದ.

ಬುಧವಾರ ಮೂರು ಗಂಟೆಗೆ ಈಗ ಹೊಸಬರು ಬಂದಿದ್ದಾರೆ, ಭುಜ ಮುರಿದುಕೊಂಡ ಒಬ್ಬ ಕ್ಷೌರಿಕ. ತಾನೇ ಎಲ್ಲರ ತಲೆ ಹಿಡಿದು ತಿರುಗಿಸುವವನಾದ್ದರಿಂದ ತನ್ನ ತೋಳನ್ನು ಬೇರೆಯವರು ತಿರುಗಿಸುವುದನ್ನು ಅವನು ಸಹಿಸುವುದಿಲ್ಲ. ಇವರು ನನ್ನ ಜೊತೆ ಒಂದು ಸಲ ಕೆರೆಗೆ ಬಂದರು. ಮೇಷ್ಟ್ರ ವಿಷಯ ಪೂರ್ತಿ ಕೇಳಿದರು. ಕಟ್ಟೆಯ ಮೇಲೆ ಈಗ ಎರಡೂ ದವಡೆ ಇವೆ.

ಸರ್ವೀಸ್ ಸೆಂಟರಿನಲ್ಲಿ ಅವತ್ತು ನಡೆದದ್ದರಲ್ಲಿ ನಿಮಗೆ ಕೇಳಿಸದ ಒಂದು ಮಾತಿದೆ. ನೀವು ಕನ್ನಡಕ ಮೂಗಿಗೆ ಏರಿಸಿ, ಫೋನನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಿರಿ. ಅಕ್ಕ 'ತೆಗೆಯಿರಿ' ಎಂಬ ಗುಂಡಿ ತೋರಿಸಿದರು. ನೀವು ಒತ್ತಲಿಲ್ಲ. ಹಿಂದೆ ಇಬ್ಬರು ಸಾಲಿನಲ್ಲಿದ್ದರು. ನಾನು ಇನ್ನೇನು ಬೇಗ ಎನ್ನುವವಳಿದ್ದೆ. ಅಕ್ಕ ನನ್ನ ಕೈ ಹಿಡಿದು ಹೇಳಿದರು: "ಟೈಮ್ ಕೊಡಮ್ಮ. ನಾನೆಲ್ಲಿದ್ದೀನಿ ಅಂತ ನಮ್ಮಪ್ಪಂಗೆ ಇಪ್ಪತ್ತು ವರ್ಷದಿಂದ ಗೊತ್ತಿಲ್ಲ. ಕೇಳೋದೂ ಇಲ್ಲ."

ಆಮೇಲೆ ನೀವು ಒತ್ತಿದಿರಿ. ಫೋನು ಖಚಿತವೇ ಎಂದು ಇನ್ನೊಮ್ಮೆ ಕೇಳಿತು. ನೀವು ಅದಕ್ಕೆ ಬಾಯಿಬಿಟ್ಟು "ಹೌದು" ಎಂದಿರಿ, ಇಲಾಖೆಯ ದನಿಯಲ್ಲಿ, ಇಡೀ ಶೆಡ್ಡು ತಿರುಗಿ ನೋಡಿತು.

ಆಮೇಲೆ ಎರಡು ದಿನ ನಮ್ಮ ಮನೆಯಲ್ಲಿದ್ದಿರಿ. ಅಳಿಯನ ಜೊತೆ ಹಲ್ಲಿನ ಅಚ್ಚುಗಳನ್ನು ಒಂದೊಂದಾಗಿ ತೂಗಿ ನೋಡಿದಿರಿ. ಆ ಚುಕ್ಕೆಯ ವಿಷಯ ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಈಗ ಕೇಳುತ್ತೇನೆ. ಸಂಜೆ ಏಳಕ್ಕೆ ಏನು ಮಾಡುತ್ತೀರಿ?

ನಿಮ್ಮ
ಚಟಾಕು


ಜುಲೈ 9

ಚಟಾಕು,

ಕೆಲಸ ಖಾಯಂ ಆದದ್ದು ಸಂತೋಷ. ಆದೇಶದ ನಕಲು ಮಾಡಿಸಿ ಒಂದನ್ನು ಬೇರೆ ಕಡೆ ಇಡು.

ಕೇಳಿದ್ದೀಯ, ಹೇಳುತ್ತೇನೆ. ಊರಿಗೆ ಬಂದ ಮೇಲೆ ಮೊದಲ ಹತ್ತು ದಿನ ಏಳು ಗಂಟೆಗೆ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದೆ. ನಿಂತರೆ ಇಲ್ಲಿಂದ ಏನು ಕಾಣುತ್ತದೆ, ಎದುರು ಮನೆಯ ಗೋಡೆ. ನಿಮ್ಮಮ್ಮ ತಟ್ಟೆ ಹಾಕಿ ಕೂಗುತ್ತಿದ್ದಳು, ಕೇಳಿಸದವನಂತೆ ಇರುತ್ತಿದ್ದೆ. ನನಗೆ ಆ ಸೌಕರ್ಯವಿದೆ. ಒಂದು ದಿನ ಅವಳು ಬಂದು ಪಕ್ಕದಲ್ಲಿ ನಿಂತಳು. ಏನು ನೋಡುತ್ತೀರಿ ಎಂದು ಕೇಳಲಿಲ್ಲ. ಕಾಲು ಗಂಟೆ ನಿಂತು, ಮಂಡಿ ನೋಯುತ್ತೆ ಎಂದು ಒಳಗೆ ಹೋದಳು. ನಾಲ್ಕು ತಿಂಗಳು ನನ್ನ ಬಳಿ ಚುಕ್ಕೆಯಿತ್ತು. ಅವಳ ಬಳಿ ಏನೂ ಇರಲಿಲ್ಲ. ಅವಳು ದಿನಾ ಉಣ್ಣುತ್ತಿದ್ದಳು, ಮಲಗುತ್ತಿದ್ದಳು. ಅದನ್ನು ಹೇಗೆ ಮಾಡುತ್ತಾಳೆ ಎಂದು ಈಗ ನೋಡಿ ಕಲಿಯುತ್ತಿದ್ದೇನೆ.

ನಿನ್ನೆ ಸಂಜೆ ಇಲ್ಲಿ ಜೋರು ಗಾಳಿ. ಕರೆಂಟು ಹೋಗಿತ್ತು. ನೀನು ಎಲ್ಲಿದ್ದೆಯೋ, ಮನೆ ಸೇರಿದೆಯೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಏಳಕ್ಕೆ ಕೈ ತೊಳೆದು ಕುಳಿತೆ.

ಊಟ ಸೇರಿತು.

ಅಪ್ಪ